ಬಯಲಾಟಕ್ಕೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ: ಒಳಗೆ ಏನೇನು ಇಡಬೇಕು?

ಪ್ರಶ್ನೆ (ಹೊನ್ನಾವರ ಕಡೆಯವನು):

ಎಲ್ಲರಿಗೂ ನಮಸ್ಕಾರ. ನಮ್ಮೂರು ಹೊನ್ನಾವರದಿಂದ ಒಳಗೆ, ಶರಾವತಿ ದಂಡೆಯಲ್ಲಿ. ಪ್ರತಿ ವರ್ಷ ಕೊಯ್ಲಾದ ಗದ್ದೆಯಲ್ಲಿ ಬಯಲಾಟ ಆಡಿಸುತ್ತೇವೆ. ಐನೂರು ಜನ ಸೇರುತ್ತಾರೆ, ವಯಸ್ಸಾದವರೇ ಜಾಸ್ತಿ.

ಹೋದ ವರ್ಷ ನಡುರಾತ್ರಿ ಒಬ್ಬ ಹುಡುಗನ ಕೈ ಮೇಲೆ ಕುದಿಯುವ ಚಹಾ ಚೆಲ್ಲಿತು. ಪೆಟ್ಟಿಗೆ ಇತ್ತು, ಆದರೆ ಬೀಗ ಹಾಕಿತ್ತು. ಬೀಗದ ಕೈ ಇದ್ದವರು ಮನೆಗೆ ಹೋಗಿ ಮಲಗಿದ್ದರು. ಒಡೆದು ನೋಡಿದರೆ ಅರ್ಧ ಬಾಟಲಿ ಟಿಂಚರ್, ಅಂಟು ಬಿಟ್ಟ ಪಟ್ಟಿ, ತುಕ್ಕು ಹಿಡಿದ ಕತ್ತರಿ. ಅಷ್ಟೊತ್ತಿಗೆ ಯಾರೋ ಟೂತ್‌ಪೇಸ್ಟ್ ಹಚ್ಚಿ ಆಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆಯುವಾಗ ಹುಡುಗನ ಭುಜ ಹಿಡಿದುಕೊಂಡಿದ್ದವನು ನಾನು. ಆ ಕೂಗು ಇನ್ನೂ ಕಿವಿಯಲ್ಲಿದೆ.

ಈ ಸಲ ಜವಾಬ್ದಾರಿ ನನ್ನದು. ಕಮಿಟಿಯವರು 3 ಸಾವಿರ ಕೊಟ್ಟಿದ್ದಾರೆ. ಏನು ತರಲಿ?

ಉತ್ತರ (ಕಾರವಾರ, ನರ್ಸ್):

ತಮ್ಮಾ, ಮೊದಲು ನೀರು. ಚಹಾ ಒಲೆಯ ಪಕ್ಕದಲ್ಲೇ ಒಂದು ಡ್ರಮ್ ತುಂಬಾ ಶುದ್ಧ ನೀರು, ಒಂದು ಚೊಂಬು ಇಡಿ. ಸುಟ್ಟ ಕೈ ಮೇಲೆ 20 ನಿಮಿಷ ಸುರಿಯುತ್ತಲೇ ಇರಬೇಕು. ಐಸ್ ಬೇಡ, ಪೇಸ್ಟ್ ಬೇಡ, ಅರಿಶಿನ ಬೇಡ. ಊತ ಬರುವ ಮೊದಲೇ ಉಂಗುರ, ವಾಚು, ಕೈಗೆ ಕಟ್ಟಿದ ದಾರ ತೆಗೆಸಿ. ಬೊಬ್ಬೆ ಒಡೆಯಬೇಡಿ.

ಪೆಟ್ಟಿಗೆಗೆ: ಗ್ಲೌಸ್, ಗಾಜ್ ಪ್ಯಾಡ್ (ಗಾಯದ ಮೇಲೆ ಇಡುವ ತೆಳು ಬಟ್ಟೆ), ರೋಲರ್ ಬ್ಯಾಂಡೇಜ್, ಕಾಲು ಉಳುಕಿದರೆ ಕ್ರೇಪ್ ಬ್ಯಾಂಡೇಜ್, ಕೈ ತೂಗು ಹಾಕಲು ತ್ರಿಕೋನ ಬಟ್ಟೆ, ಒಳ್ಳೆ ಕತ್ತರಿ, ಚಿಮಟ, ಟಾರ್ಚ್, ಓಆರ್‌ಎಸ್. ದೊಡ್ಡ ಪೊಟ್ಟಣಕ್ಕೆ ಸರಿಯಾಗಿ 1 ಲೀಟರ್ ನೀರು. ಗಾಯದ ಮೇಲೆ ನೇರವಾಗಿ ಹತ್ತಿ ಇಡಬೇಡಿ, ಎಳೆ ಅಂಟಿಕೊಳ್ಳುತ್ತದೆ. ರಕ್ತ ಸುರಿಯುತ್ತಿದ್ದರೆ ಗಾಜ್ ಇಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಪದೇ ಪದೇ ಎತ್ತಿ ನೋಡಬಾರದು. ಮಾತ್ರೆ ಹಂಚುವ ಕೆಲಸ ಬೇಡವೇ ಬೇಡ.

ಉತ್ತರ (ಶಿರಸಿ):

ನಾನು ಮಾರಿಕಾಂಬೆ ಜಾತ್ರೆಯಲ್ಲಿ ಸ್ವಯಂಸೇವಕನಾಗಿದ್ದೆ. ಎರಡು ವರ್ಷಕ್ಕೊಮ್ಮೆ ಬಿಡ್ಕಿಬೈಲಿನಲ್ಲಿ ಸೇರುವ ಜನ ನೋಡಿದ್ದೀರಲ್ವಾ? ಅಲ್ಲಿ ಕಲಿತದ್ದು ಒಂದೇ, ಬ್ಯಾಂಡೇಜಿಗಿಂತ ದಾರಿ ಮುಖ್ಯ. ನಿಮ್ಮಲ್ಲೂ ಗದ್ದೆಗೆ ಇಳಿಯುವ ದಾರಿಗೆ ಬೈಕ್ ಅಡ್ಡ ನಿಲ್ಲಿಸಿರುತ್ತಾರೆ. 108 ಬಂದರೂ ಒಳಗೆ ಬರಲಾಗುವುದಿಲ್ಲ. ಹಗ್ಗ ಕಟ್ಟಿ ದಾರಿ ಬಿಡಿಸಿ. ಒಂದು ಜೀಪ್, ಎಚ್ಚರ ಇರುವ ಡ್ರೈವರ್, ಬೆಳಗಿನವರೆಗೂ ಅಲ್ಲೇ ಇರಲಿ.

ಹೊನ್ನಾವರ ಕಡೆಯವನು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕಾ, ಇನ್ನೊಂದು ಕೇಳಬೇಕು. ಆಟ ಮುಗಿದು ಬೆಳಗಿನ ಜಾವ ಜನ ಗದ್ದೆ ಬದುವಿನ ಮೇಲೆ ನಡೆದು ಹೋಗುತ್ತಾರೆ. ಹಾವು ಕಚ್ಚಿದರೆ? ಕೂತಲ್ಲೇ ಯಾರಾದರೂ ಕುಸಿದರೆ?

ಕಾರವಾರ, ನರ್ಸ್:

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಚೀಪಬೇಡಿ. ಕಾಲುಂಗುರ, ಗೆಜ್ಜೆ ತೆಗೆಸಿ. ಕಾಲು ಅಲ್ಲಾಡದ ಹಾಗೆ ಕೋಲು ಕಟ್ಟಿ, ಹೊತ್ತುಕೊಂಡೇ ಹೋಗಿ, ನಡೆಸಬೇಡಿ. ವಿಷಕ್ಕೆ ಔಷಧಿ ಇರುವುದು ಆಸ್ಪತ್ರೆಯಲ್ಲಿ ಮಾತ್ರ. ಆಟದ ಹಿಂದಿನ ದಿನವೇ ತಾಲೂಕು ಆಸ್ಪತ್ರೆಗೆ ಫೋನ್ ಮಾಡಿ, ಇಂಜೆಕ್ಷನ್ ಇದೆಯಾ ಕೇಳಿಟ್ಟುಕೊಳ್ಳಿ.

ಕುಸಿದವರು ಕರೆದರೆ ಏಳದೆ, ಸರಿಯಾಗಿ ಉಸಿರೂ ಆಡದಿದ್ದರೆ ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಎದೆಯ ನಡುವೆ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸುಸ್ತಾದರೆ ಬೇರೆಯವರು ಒತ್ತಲಿ, ನಿಲ್ಲಿಸಬೇಡಿ. ಓದಿದರೆ ಇದು ಬರುವುದಿಲ್ಲ. ನಿಮ್ಮ ಪಿಎಚ್‌ಸಿಯವರನ್ನು (ಪ್ರಾಥಮಿಕ ಆರೋಗ್ಯ ಕೇಂದ್ರ) ಕೇಳಿ, ಮೂರು ನಾಲ್ಕು ಹುಡುಗರಿಗೆ ಒಂದು ಮಧ್ಯಾಹ್ನ ಕಲಿಸಿಕೊಡಲಿ.

ಹೊನ್ನಾವರ ಕಡೆಯವನು:

ನಾಳೆಯೇ ಹೋಗಿ ಕೇಳುತ್ತೇನೆ ಅಕ್ಕಾ. ಕೈ ಸುಟ್ಟುಕೊಂಡಿದ್ದ ಹುಡುಗ ತಾನೂ ಕಲಿಯುತ್ತೇನೆ ಅಂದಿದ್ದಾನೆ. ಪೆಟ್ಟಿಗೆ ವೇಷ ಕಟ್ಟುವ ಚೌಕಿಯ ಬಾಗಿಲಲ್ಲಿ, ಟ್ಯೂಬ್‌ಲೈಟ್ ಕೆಳಗೆ ಇಡುತ್ತೇವೆ. ಬೀಗ ಹಾಕುವುದಿಲ್ಲ.