ಉಪಶಾಮಕ ಆರೈಕೆಯಲ್ಲಿರುವ ತಾಯಿ ಊಟ ಬೇಡವೆನ್ನುತ್ತಾರೆ: ಎಷ್ಟರ ಮಟ್ಟಿಗೆ ಒತ್ತಾಯಿಸಬೇಕು?

ಪ್ರಶ್ನೆ:
ನನ್ನ ತಾಯಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದೆ. ಕೀಮೋಥೆರಪಿ ನಿಲ್ಲಿಸಿ ಈಗ ಉಪಶಾಮಕ ಆರೈಕೆಯನ್ನಷ್ಟೇ, ಅಂದರೆ ರೋಗ ಗುಣಪಡಿಸುವ ಬದಲು ನೋವು, ಸಂಕಟ ತಗ್ಗಿಸುವ ಆರೈಕೆಯನ್ನಷ್ಟೇ ನೀಡುತ್ತಿದ್ದಾರೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ತಟ್ಟೆ ಸರಿಸುತ್ತಾರೆ. ಬೆರಳಿನ ಉಂಗುರ ತಾನಾಗಿಯೇ ಜಾರಿ ಬೀಳುವಷ್ಟು ಸೊರಗಿದ್ದಾರೆ. ಮೂಗಿನ ಮೂಲಕ ನಳಿಕೆ ಹಾಕಿಸಿಯಾದರೂ ಆಹಾರ ಕೊಡಬೇಕೆಂಬುದು ಅಕ್ಕನ ಹಟ. ಒತ್ತಾಯಿಸದೆ ಬಿಟ್ಟರೆ ಅವರನ್ನು ಉಪವಾಸ ಕೆಡವಿದಂತಾಗುವುದಿಲ್ಲವೇ?

ಉತ್ತರ 1:
ನಿಮ್ಮ ತಾಯಿ ಸೊರಗುತ್ತಿರುವುದು ಊಟ ಬಿಟ್ಟದ್ದರಿಂದ ಮಾತ್ರವಲ್ಲ. ಮುಂದುವರಿದ ಕ್ಯಾನ್ಸರ್‌ನಲ್ಲಿ ಗೆಡ್ಡೆ ಮತ್ತು ದೇಹದ ಉರಿಯೂತ ಪ್ರತಿಕ್ರಿಯೆ ಸೇರಿ ಹಸಿವನ್ನು ಅಡಗಿಸುತ್ತವೆ, ಜೊತೆಗೆ ಸ್ನಾಯುಗಳನ್ನೂ ಕರಗಿಸುತ್ತವೆ. ವೈದ್ಯರು ಇದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. ಆರು ತಿಂಗಳಲ್ಲಿ ತೂಕ ಶೇ. 5ಕ್ಕಿಂತ ಹೆಚ್ಚು ಇಳಿಯುವುದು ಇದರ ಒಂದು ಮಾನದಂಡವೆಂದೂ, ಪೋಷಣೆಯೊಂದರಿಂದಲೇ ಇದನ್ನು ಪೂರ್ತಿಯಾಗಿ ಹಿಂದಿರುಗಿಸಲಾಗದೆಂದೂ 2011ರ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ವ್ಯಾಖ್ಯಾನ ಹೇಳುತ್ತದೆ. ಗಂಟಲು ಅಥವಾ ಅನ್ನನಾಳ ಕಟ್ಟಿಕೊಂಡು, ಹಸಿವಿದ್ದರೂ ನುಂಗಲಾಗದವರಿಗೆ ನಳಿಕೆ ನೆರವಾಗಬಹುದು; ನೀವು ವಿವರಿಸಿದ ಸ್ಥಿತಿಯಲ್ಲಿ ಅದರಿಂದ ಲಾಭಕ್ಕಿಂತ ಕಿರಿಕಿರಿಯೇ ಹೆಚ್ಚಾಗುವ ಸಂಭವವಿದೆ. ಅಕ್ಕನವರ ಹಟದ ಹಿಂದಿರುವುದು ಪ್ರೀತಿಯೇ. ಆದ್ದರಿಂದ ಈ ಮಾತನ್ನು ವೈದ್ಯರ ಬಾಯಿಂದಲೇ ಅವರಿಗೆ ಕೇಳಿಸಿ.

ಉತ್ತರ 2:
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ರೋಗದ ಮೇಲೆ ಹಾಕಿ ಕೈಚೆಲ್ಲುವುದು ಬೇಡ. ಹಲವು ವರ್ಷಗಳಿಂದ ಇಂಥ ರೋಗಿಗಳ ಶುಶ್ರೂಷೆ ಮಾಡುತ್ತಿರುವ ನಾನು ಮೊದಲು ನೋಡುವುದು ಬಾಯಿಯನ್ನು. ಟಾರ್ಚ್ ಹಿಡಿದು ನೋಡಿದಾಗ ನಾಲಿಗೆ ಅಥವಾ ಕೆನ್ನೆಯ ಒಳಭಾಗದಲ್ಲಿ ಬಿಳಿಯ ಪದರವಿದ್ದು, ಅದನ್ನು ಮೆಲ್ಲಗೆ ಒರೆಸಿದರೆ ಕೆಂಪು ಚರ್ಮ ಕಾಣಿಸಿದರೆ, ಅದು ಶಿಲೀಂಧ್ರದ ಸೋಂಕಾಗಿರಬಹುದು. ಔಷಧ ಕೊಟ್ಟರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲೇ ಉರಿ ತಗ್ಗುತ್ತದೆ. ಮಾರ್ಫಿನ್‌ನಂತಹ ನೋವುನಿವಾರಕಗಳಿಂದ ಉಂಟಾಗುವ ಮಲಬದ್ಧತೆಯೂ ಹಸಿವನ್ನು ಕೊಲ್ಲುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಮುಖ್ಯವಾದ ಇನ್ನೊಂದು ಸಂಗತಿಯಿದೆ: ಮಲ ಎಣ್ಣೆಯಂತಿದ್ದು, ತೇಲುತ್ತಾ, ತೀವ್ರ ದುರ್ವಾಸನೆ ಬೀರುತ್ತಿದ್ದರೆ ಮೇದೋಜೀರಕ ಗ್ರಂಥಿಯಿಂದ ಬರುವ ಜೀರ್ಣರಸದ ಕೊರತೆಯಿರಬಹುದು, ಊಟದೊಂದಿಗೆ ಕೊಡುವ ಕಿಣ್ವದ ಕ್ಯಾಪ್ಸೂಲ್‌ಗಳ ಬಗ್ಗೆ ವೈದ್ಯರನ್ನು ತಪ್ಪದೆ ಕೇಳಿ. ಹಸಿವು ಹೆಚ್ಚಿಸಲು ಸ್ಟೀರಾಯ್ಡ್ ಕೊಡುವುದುಂಟು, ಆದರೆ ಆ ಪರಿಣಾಮ ಕೆಲವು ವಾರಗಳಷ್ಟೇ ಉಳಿಯುತ್ತದೆ.

ದೊಡ್ಡ ತಟ್ಟೆಯನ್ನು ಕಂಡರೇ ಸಾಕೆನಿಸುವವರಿಗೆ ಪುಟ್ಟ ಬಟ್ಟಲಿನಲ್ಲಿ, ಅವರು ಕೇಳಿದ ಹೊತ್ತಿಗೆ, ಕೇಳಿದ್ದನ್ನೇ ಕೊಡಿ. ಅಡುಗೆಯ ವಾಸನೆಗೆ ಓಕರಿಕೆ ಬರುವುದಾದರೆ ತಣ್ಣಗಿನ ಆಹಾರ ಹಿತವೆನಿಸಬಹುದು. ಹಿಂದೆ ವಿಧಿಸಿದ್ದ ಪಥ್ಯಗಳಲ್ಲಿ ಯಾವುದನ್ನು ಸಡಿಲಿಸಬಹುದೆಂದೂ ವಿಚಾರಿಸಿ.

ಪ್ರಶ್ನೆ ಕೇಳಿದವರು:
ನಾಲಿಗೆಯ ಮೇಲೆ ಬಿಳಿಯ ಪದರವಿರುವುದು ನಿಜ. ನಾಳೆಯೇ ವೈದ್ಯರಿಗೆ ತಿಳಿಸುತ್ತೇನೆ. ಕೊನೆಯ ದಿನಗಳಲ್ಲಿ ನೀರನ್ನೂ ಕುಡಿಯದಿದ್ದರೆ ಡ್ರಿಪ್ ಹಾಕಿಸಬೇಕೇ?

ಉತ್ತರ 3:
ಆ ಹಂತದಲ್ಲಿ ಹೆಚ್ಚಿನವರಿಗೆ ಹಸಿವೆಯ ಸಂಕಟ ಇರುವುದಿಲ್ಲ. ಬಾಯಾರಿಕೆಯೂ ಬಹುಪಾಲು ಬಾಯಿ ಒಣಗುವುದರಿಂದ ಬರುವಂಥದ್ದು. ಮೃದುವಾದ ಸ್ಪಂಜಿನಿಂದ ಬಾಯಿಯನ್ನು ಆಗಾಗ ಒದ್ದೆ ಮಾಡುವುದು, ತುಟಿಗೆ ಮುಲಾಮು ಸವರುವುದು, ಎಚ್ಚರವಿದ್ದು ನುಂಗಬಲ್ಲವರಾದರೆ ಮಂಜುಗಡ್ಡೆಯ ಸಣ್ಣ ಚೂರು ಕೊಡುವುದು ಇದಕ್ಕೆ ಸಾಕಾಗುತ್ತದೆ. ಡ್ರಿಪ್‌ನ ದ್ರವ ಕೆಲವರಲ್ಲಿ ಕಾಲಿನ ಊತವನ್ನೂ ಗಂಟಲಿನ ಗೊರಗೊರವನ್ನೂ ಹೆಚ್ಚಿಸುವುದರಿಂದ, ಅದನ್ನು ವೈದ್ಯರೊಂದಿಗೆ ಸಮಾಲೋಚಿಸಿಯೇ ನಿರ್ಧರಿಸಬೇಕು. ನಿದ್ದೆಯ ಮಂಪರಿನಲ್ಲಿದ್ದರೆ ಅಥವಾ ನುಂಗುವಾಗ ಕೆಮ್ಮು ಬಂದರೆ ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಿಯ ಆರೈಕೆಯನ್ನು ಅಕ್ಕನವರಿಗೆ ಕಲಿಸಿಕೊಡುವಂತೆ ನರ್ಸ್‌ರನ್ನು ಕೇಳಿ. ತಾಯಿಗೆ ಏನಾದರೂ ಮಾಡಲೇಬೇಕೆಂಬ ಅವರ ತಹತಹಕ್ಕೆ ಅದೊಂದು ದಾರಿಯಾಗುತ್ತದೆ.