ಪ್ರಾರ್ಥನೆಗೆ ಕೂತರೆ ಇನ್ನೂ ಅವಳ ಹೆಸರೇ ಬಾಯಿಗೆ ಬರುತ್ತದೆ

ಸಂಜೆಮಳೆ ಕೇಳಿದ್ದು:

ಇದನ್ನು ಮೂರು ಸಲ ಬರೆದು ಅಳಿಸಿದ್ದೇನೆ. ನನ್ನ ಗೆಳತಿ ತೀರಿಕೊಂಡು 7 ತಿಂಗಳಾಯಿತು. ಹೈಸ್ಕೂಲಿನಿಂದ ಜೊತೆಗಿದ್ದವಳು, 24 ವರ್ಷದ ಸ್ನೇಹ. ಕ್ಯಾನ್ಸರ್. ಗೊತ್ತಾದ ದಿನದಿಂದ ಕೊನೆಯ ದಿನದವರೆಗೆ 14 ತಿಂಗಳು, ಒಂದು ದಿನವೂ ತಪ್ಪಿಸದೆ ಬೆಳಿಗ್ಗೆ ಎದ್ದು ಅವಳಿಗಾಗಿ ಪ್ರಾರ್ಥನೆ ಮಾಡಿದ್ದೆ. ಮಧ್ಯೆ ಒಂದು ಸ್ಕ್ಯಾನ್ ಚೆನ್ನಾಗಿ ಬಂದಾಗ "ನೋಡು, ನಾನು ಹೇಳಿರಲಿಲ್ವಾ" ಎಂದು ಕುಣಿದಾಡಿಬಿಟ್ಟಿದ್ದೆ.

ಈಗ ಕಣ್ಣು ಮುಚ್ಚಿ ಕೂತರೆ ಅಭ್ಯಾಸದಂತೆ ಅವಳ ಹೆಸರೇ ಮೊದಲು ಬರುತ್ತದೆ. ಆಮೇಲೆ ನೆನಪಾಗುತ್ತದೆ. ಎದ್ದುಬಿಡುತ್ತೇನೆ. ದೇವರ ಮೇಲೆ ಸಿಟ್ಟಿದೆಯಾ ಅಂದರೆ ಅದೂ ಇಲ್ಲ, ಆ ಕಡೆ ಯಾರೂ ಇಲ್ಲವೇನೋ ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯವನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಕೊನೆಯ ವಾರಗಳಲ್ಲಿ ಒಂದು ಸಂಜೆ ಅವಳು "ನಾನು ಹೋದ ಮೇಲೆ..." ಎಂದು ಶುರು ಮಾಡಿದಳು. ನಾನು "ಹಾಗೆಲ್ಲ ಮಾತಾಡಬೇಡ, ನಂಬಿಕೆ ಇಟ್ಕೋ" ಎಂದು ತಡೆದುಬಿಟ್ಟೆ. ಅವಳು ನಕ್ಕು ಸುಮ್ಮನಾದಳು. ಆ ಮಾತು ಏನಿತ್ತೋ ನನಗೆ ಗೊತ್ತೇ ಆಗಲಿಲ್ಲ. ನನ್ನ ನಂಬಿಕೆಯೇ ಅವಳ ಬಾಯಿ ಮುಚ್ಚಿಸಿತು ಅಲ್ವಾ?

ಹೀಗೆ ಎಲ್ಲ ಕಳೆದುಕೊಂಡು ಮತ್ತೆ ನಂಬಿಕೆ ಬಂದವರು ಯಾರಾದರೂ ಇದ್ದೀರಾ? ದಯವಿಟ್ಟು "ದೇವರ ಇಚ್ಛೆ" ಎಂದು ಮಾತ್ರ ಹೇಳಬೇಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ.

ಹಳೇರೇಡಿಯೊ:

ನನ್ನ ಗೆಳೆಯ ಹೋಗಿ 6 ವರ್ಷವಾಯಿತು, ರಸ್ತೆ ಅಪಘಾತ. ನಿಮ್ಮ ಹಾಗೆ ಬೇಡಿಕೊಳ್ಳಲೂ ನನಗೆ ಟೈಮ್ ಸಿಗಲಿಲ್ಲ. ಎರಡು ವರ್ಷ ದೇವರ ತಂಟೆಗೇ ಹೋಗಲಿಲ್ಲ.

ಆದರೆ ಒಂದು ಕೆಲಸ ಮಾತ್ರ ಬಿಡಲಿಲ್ಲ. ಅವನು ಪ್ರತಿ ಭಾನುವಾರ ಅಪ್ಪನಿಗೆ ಫೋನ್ ಮಾಡುತ್ತಿದ್ದ. ಅವನು ಹೋದ ಮೇಲೆ ನಾನು ಮಾಡತೊಡಗಿದೆ. ಮೊದಮೊದಲು ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ, ಅವರು ಬಿಪಿ ಮಾತ್ರೆ ವಿಷಯ ಹೇಳುವರು, ನಾನು ಆಫೀಸಿನ ವಿಷಯ ಹೇಳುವೆ, ಐದು ನಿಮಿಷಕ್ಕೆ ಮುಗಿಯುತ್ತಿತ್ತು. ಒಂದು ದಿನ ಅವರು ಹೇಳಿದರು, "ನೀನು ಫೋನ್ ಮಾಡುವ ಹೊತ್ತಿಗೆ ನಾನು ಕನ್ನಡಕ ಹಾಕಿಕೊಂಡು ಕೂತಿರುತ್ತೇನಪ್ಪಾ." ಫೋನಿನಲ್ಲಿ ಮಾತಾಡೋಕೆ ಕನ್ನಡಕ ಯಾಕೆ ಬೇಕು ಹೇಳಿ. ಆ ದಿನ ತುಂಬಾ ಅತ್ತೆ. ರಾತ್ರಿ ಮಲಗುವ ಮುಂಚೆ "ಇವರನ್ನು ಚೆನ್ನಾಗಿಟ್ಟಿರು" ಎಂದು ತಾನಾಗಿಯೇ ಬಾಯಿಗೆ ಬಂತು. ಯಾರಿಗೆ ಹೇಳಿದೆ ಎಂದು ಯೋಚನೆ ಮಾಡಲಿಲ್ಲ. ನನಗೆ ವಾಪಸ್ ಬಂದದ್ದು ಹೀಗೆ.

ಕಾಗದದೋಣಿ:

ಅಕ್ಕಾ, ಹಳೆಯ ಪಾಲಿ ಗ್ರಂಥಗಳಲ್ಲಿ ಒಂದು ಪ್ರಸಂಗವಿದೆ. ಸಾರಿಪುತ್ರ ತೀರಿಕೊಂಡ ಸುದ್ದಿ ಆನಂದನಿಗೆ ಬರುತ್ತದೆ. ಇಬ್ಬರೂ ಬುದ್ಧನ ಶಿಷ್ಯರು, ಸ್ನೇಹಿತರು. ಆನಂದ ಬುದ್ಧನ ಹತ್ತಿರ ಹೋಗಿ ಹೇಳುವುದಿಷ್ಟು: ಮೈಯೆಲ್ಲ ಮಂಕು ಕವಿದಂತಾಗಿದೆ, ದಿಕ್ಕೇ ತೋಚುತ್ತಿಲ್ಲ, ಧರ್ಮವೂ ಹೊಳೆಯುತ್ತಿಲ್ಲ. ಗಮನಿಸಿ, ವರ್ಷಗಟ್ಟಲೆ ಬುದ್ಧನ ಪಕ್ಕದಲ್ಲೇ ಇದ್ದವನಿಗೂ ಗೆಳೆಯ ಹೋದಾಗ ಹಾಗಾಯಿತು. ಬುದ್ಧ ಕೇಳುತ್ತಾನೆ, ಸಾರಿಪುತ್ರ ಹೋಗುವಾಗ ನಿನ್ನ ಶೀಲವನ್ನೂ ಧ್ಯಾನವನ್ನೂ ತೆಗೆದುಕೊಂಡು ಹೋದನಾ? ಇಲ್ಲ ಅನ್ನುತ್ತಾನೆ ಆನಂದ, ಆದರೆ ಅವನು ನನಗೆ ಎಷ್ಟೊಂದು ಹೇಳಿಕೊಡುತ್ತಿದ್ದ, ಹುರಿದುಂಬಿಸುತ್ತಿದ್ದ ಎಂದು ನೆನೆಯುತ್ತಾನೆ. ಆ "ಆದರೆ" ನನಗೆ ತುಂಬಾ ಇಷ್ಟ. ನಿಮಗೂ ಈಗ ಏನೂ ಹೊಳೆಯುತ್ತಿಲ್ಲ. ನಂಬಿಕೆ ಸತ್ತಿದೆ ಎಂದು ಅದಕ್ಕೆ ಅರ್ಥ ಹಚ್ಚಬೇಡಿ.

ಇನ್ನೊಂದು ಮಾತು. ಗಂಡನೋ ಅಣ್ಣನೋ ಹೋದರೆ ಜನ ಬಂದು ಮಾತಾಡಿಸುತ್ತಾರೆ, ರಜೆ ಸಿಗುತ್ತದೆ. ಗೆಳತಿ ಹೋದರೆ ನಾಲ್ಕು ದಿನಕ್ಕೆ "ಇನ್ನೂ ಅದೇ ಯೋಚನೇನಾ" ಅನ್ನುತ್ತಾರೆ. ಹೀಗೆ ಸುತ್ತಲಿನವರು ಲೆಕ್ಕಕ್ಕೇ ಇಟ್ಟುಕೊಳ್ಳದ ದುಃಖದ ಬಗ್ಗೆ ಕೆನ್ನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ನಿಮ್ಮದು ಜಾಸ್ತಿಯಾಯಿತು ಎಂದು ಯಾರಾದರೂ ಅಂದರೆ ನಂಬಬೇಡಿ.

ರಾತ್ರಿಪಾಳಿ:

ನಾನು ನರ್ಸ್. ಗುಣವಾಗದ ರೋಗಿಗಳ ಆರೈಕೆಯಲ್ಲಿ 11 ವರ್ಷ ಕಳೆದಿದ್ದೇನೆ. ನೀವು ಆ ಸಂಜೆಯ ವಿಷಯ ಬರೆದಿದ್ದಕ್ಕೇ ಉತ್ತರ ಕೊಡುತ್ತಿದ್ದೇನೆ.

"ಹಾಗೆಲ್ಲ ಮಾತಾಡಬೇಡ" ಎಂದು ನಾನೂ ಹೇಳಿದ್ದೇನೆ, ನನ್ನ ಸ್ವಂತ ಅತ್ತೆಗೆ, ಅದೂ ಇಷ್ಟೆಲ್ಲ ಗೊತ್ತಿದ್ದು. ಪ್ರೀತಿ ಇದ್ದವರಿಗೇ ಆ ಮಾತು ಕೇಳೋಕಾಗುವುದಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಅದು ನಿಜ, ಸುಳ್ಳು ಸಮಾಧಾನ ಹೇಳುವುದಿಲ್ಲ. ಆದರೆ ರೋಗಿಗಳು ಒಬ್ಬೊಬ್ಬರ ಹತ್ತಿರ ಒಂದೊಂದನ್ನು ಇಟ್ಟುಕೊಳ್ಳುವುದನ್ನು ನೋಡಿದ್ದೇನೆ. ಭಯದ ಮಾತನ್ನು ಮಧ್ಯರಾತ್ರಿ ನಮ್ಮ ಹತ್ತಿರ ಆಡುತ್ತಾರೆ, ಬೆಳಿಗ್ಗೆ ಗೆಳತಿ ಬಂದಾಗ ತಲೆ ಬಾಚಿಸಿಕೊಂಡು ಕೂರುತ್ತಾರೆ. ಅವಳು ಹೇಳಬೇಕೆಂದಿದ್ದನ್ನು ಬೇರೆ ಯಾರಿಗಾದರೂ ಹೇಳಿರಬಹುದು. ಅವಳ ಮನೆಯವರನ್ನು ಒಮ್ಮೆ ಕೇಳಿ ನೋಡಿ.

ಭರವಸೆ ಬಗ್ಗೆ ನಾನು ಕಂಡದ್ದು ಇಷ್ಟು. ಮೊದಲು ಎಲ್ಲರೂ ಗುಣವಾಗಲಿ ಅನ್ನುತ್ತಾರೆ. ಆಮೇಲೆ ಮಗಳ ಪರೀಕ್ಷೆ ಮುಗಿಯುವವರೆಗೆ ಇರಲಿ ಅನ್ನುತ್ತಾರೆ. ಕೊನೆಗೆ ಇವತ್ತು ರಾತ್ರಿ ನೋವಿಲ್ಲದೆ ನಿದ್ದೆ ಬಂದರೆ ಸಾಕು. ಆ ಕೊನೆಯದು ಚಿಕ್ಕದು ಎಂದು ನನಗೆ ಯಾವತ್ತೂ ಅನ್ನಿಸಿಲ್ಲ. ನಿಮ್ಮದೂ ಈಗ ಅಷ್ಟೇ ಇರಲಿ.

ದುಃಖಕ್ಕೆ ಐದು ಹಂತ ಎಂದು ಯಾರಾದರೂ ಹೇಳಿದರೆ ಅದರಲ್ಲಿ ನಿಮ್ಮನ್ನು ಅಳೆದುಕೊಳ್ಳಬೇಡಿ. ಎಲಿಸಬೆತ್ ಕೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ, ನಮ್ಮಂತೆ ಉಳಿದವರನ್ನಲ್ಲ. ಒಂದು ದಿನ ಅಳು, ಮರುದಿನ ಮಾಮೂಲಿ ಕೆಲಸ, ಮತ್ತೆ ಅಳು, ಹೀಗೆ ಹೋಗಿ ಬರುವುದೇ ಸಹಜ. ಆದರೆ 6 ತಿಂಗಳು ದಾಟಿದ ಮೇಲೂ ನಿದ್ದೆ, ಊಟ, ಕೆಲಸ ಯಾವುದೂ ಸಾಗದಿದ್ದರೆ ಆಪ್ತಸಮಾಲೋಚಕರನ್ನೋ ವೈದ್ಯರನ್ನೋ ನೋಡಿ. ನಾನೂ ಹೋಗಿಬಿಡಬೇಕು ಎಂಬ ಯೋಚನೆ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ಬರಿಗಾಲು:

ನನಗೆ ನಂಬಿಕೆ ವಾಪಸ್ ಬರಲಿಲ್ಲ. 9 ವರ್ಷವಾಯಿತು. ಇದನ್ನೂ ಯಾರಾದರೂ ಹೇಳಬೇಕು ಅನ್ನಿಸಿ ಬರೆದೆ. ಬಾರದೇ ಇದ್ದರೂ ಬೆಳಿಗ್ಗೆ ಏಳುವ ಮನಸ್ಸಾಗುತ್ತದೆ, ನಗು ಬರುತ್ತದೆ, ಹೋದವನ ನೆನಪು ಮೊದಲಿನಷ್ಟು ಚುಚ್ಚುವುದಿಲ್ಲ. ಬರಲೇಬೇಕು ಎಂದು ನಿಮ್ಮನ್ನು ನೀವು ಹಿಂಡಿಕೊಳ್ಳಬೇಡಿ.

ಸಂಜೆಮಳೆ:

ಎಲ್ಲರದ್ದೂ ಎರಡೆರಡು ಸಲ ಓದಿದೆ. ಕನ್ನಡಕದ ವಿಷಯ ಓದಿ ತುಂಬಾ ಹೊತ್ತು ಹಾಗೇ ಕೂತಿದ್ದೆ.

ರಾತ್ರಿಪಾಳಿ ಅವರೇ, ಧೈರ್ಯ ಮಾಡಿ ನಿನ್ನೆ ಅವಳ ಅಮ್ಮನಿಗೆ ಫೋನ್ ಮಾಡಿದೆ. ಆ ಸಂಜೆಯ ಬಗ್ಗೆ ಕೇಳಿದೆ. ಅವರಿಗೂ ಗೊತ್ತಿಲ್ಲ. ಆದರೆ "ನೀನು ಬರುವ ದಿನ ಅವಳು ಬೇಗ ಏಳುತ್ತಿದ್ದಳು ಮಗಳೇ" ಎಂದರು. ಆಮೇಲೆ ಮುಕ್ಕಾಲು ಗಂಟೆ ಅವಳ ಬಗ್ಗೆಯೇ ಮಾತಾಡಿದೆವು. ನನಗೆ ಗೊತ್ತಿರದ ಎರಡು ವಿಷಯ ಗೊತ್ತಾಯಿತು.

ಇವತ್ತು ಬೆಳಿಗ್ಗೆ ಸುಮ್ನೆ ಕೂತೆ. ಏನೂ ಕೇಳಿಕೊಳ್ಳಲಿಲ್ಲ. ಅವಳ ಹೆಸರು ಬಂತು, ಈ ಸಲ ಎದ್ದು ಹೋಗಲಿಲ್ಲ. ಮುಂದಿನ ಭಾನುವಾರ ಮತ್ತೆ ಫೋನ್ ಮಾಡುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೇನೆ.