ವೆನಿಲಿನ್ ಕಾರ್ಬನ್ ಸ್ಪೆಕ್ಟ್ರಂನಲ್ಲಿ ಕಪ್ಲಿಂಗೇ ಕಾಣುತ್ತಿಲ್ಲ, ಏನು ತಪ್ಪು?

ಗಾಜಿನಮನೆ_ಹುಡುಗಿ:
ದಾವಣಗೆರೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ವೆನಿಲಿನ್‌ನ ಕಾರ್ಬನ್-ಹೈಡ್ರೋಜನ್ ಕಪ್ಲಿಂಗ್ (ಒಂದಕ್ಕೊಂದು ಅಂಟಿದ್ದರಿಂದ ಗೆರೆ ಒಡೆಯುವ ಅಂತರ) ಎಷ್ಟು ಹರ್ಟ್ಸ್ ಅಂತ ಅಳೆಯಬೇಕು. ನಮ್ಮಲ್ಲಿ ಎನ್ಎಂಆರ್ ಮಷಿನ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಿಗ್ನಲ್ ಹಿಡಿಯುವ ಯಂತ್ರ) ಇಲ್ಲ. ಬೆಂಗಳೂರಿಗೆ ಹೊರಟಿದ್ದ ಸೀನಿಯರ್ ಕೈಲಿ ಸ್ಯಾಂಪಲ್ ಕಳಿಸಿದ್ದೆ. ಫಾರಂನಲ್ಲಿ ‘ಇನ್‌ವರ್ಸ್ ಗೇಟೆಡ್’ ಅಂತ ಬರೆದೆ. ಬಂದಿದ್ದು ನೋಡಿದರೆ ಎಂಟೂ ಕಾರ್ಬನ್ ಒಂಟಿ ಗೆರೆ! ಇನ್ನೊಮ್ಮೆ ಕಳಿಸಲು ದುಡ್ಡಿಲ್ಲ.

ಟ್ಯೂಬ್_ತೊಳೆಯುವವ:
ಹೆಸರು ನೋಡಿ ಮೋಸ ಹೋಗಿದ್ದೀರಿ. ಇನ್‌ವರ್ಸ್ ಗೇಟೆಡ್‌ನಲ್ಲಿ ಸಿಗ್ನಲ್ ಹಿಡಿಯುವಾಗಲೇ ಡಿಕಪ್ಲರ್ (ಹೈಡ್ರೋಜನ್ ಕಪ್ಲಿಂಗ್ ಅಳಿಸುವ ರೇಡಿಯೋ ಅಲೆ) ಆನ್ ಇರುತ್ತದೆ. ಅದು ಪೀಕಿನ ವಿಸ್ತೀರ್ಣದಿಂದ ಕಾರ್ಬನ್ ಎಣಿಸುವ ಇಂಟಿಗ್ರೇಷನ್‌ಗೆ. ಬರೀ ‘ಗೇಟೆಡ್’ ಕೇಳಬೇಕಿತ್ತು. ಅದರಲ್ಲಿ ಕಾಯುವಾಗ ಆನ್, ಹಿಡಿಯುವಾಗ ಆಫ್.

ದುರ್ಗದ_ಮೇಷ್ಟ್ರು:
ನೋಡಮ್ಮಾ, ಪ್ರೋಟಾನ್ (ಹೈಡ್ರೋಜನ್) ಸ್ಪೆಕ್ಟ್ರಂ ತೆಗೆಸಿದ್ದೀಯಲ್ವಾ? ಆ ಫೈಲ್ ತೆಗಿ. ಕಾರ್ಬನ್‌ನಲ್ಲಿ 1.1 ಶೇಕಡಾ ಕಾರ್ಬನ್-13 ಐಸೋಟೋಪ್ ಇದ್ದೇ ಇರುತ್ತದೆ. ಅದಕ್ಕೆ ಅಂಟಿದ ಹೈಡ್ರೋಜನ್ ಎರಡಾಗಿ ಒಡೆದು, ದೊಡ್ಡ ಪೀಕಿನ ಆಚೆ ಈಚೆ ಒಂದೊಂದು ಪುಟಾಣಿ ಪೀಕಾಗಿ ನಿಲ್ಲುತ್ತದೆ. ಸ್ಯಾಟಲೈಟ್ ಅನ್ನೋದು ಅದಕ್ಕೇ. ಒಂದೊಂದೂ ದೊಡ್ಡದರ 0.55 ಶೇಕಡಾ ಅಷ್ಟೇ. ಲಂಬಕ್ಕೆ ಚೆನ್ನಾಗಿ ಹಿಗ್ಗಿಸಿ ನೋಡು. ಆ ಎರಡರ ನಡುವಿನ ಅಂತರವೇ ನಿನಗೆ ಬೇಕಾದ ಬೆಲೆ. 400 ಮೆಗಾಹರ್ಟ್ಸ್ ಮಷಿನ್ ಆದರೆ ಪಿಪಿಎಂ (ಸ್ಪೆಕ್ಟ್ರಂನ ಅಡ್ಡ ಅಳತೆ) ಅಂತರವನ್ನು 400ರಿಂದ ಗುಣಿಸು.

ಆಲ್ಡಿಹೈಡ್ ಪೀಕು 9.8ರಲ್ಲಿ ಒಂಟಿಯಾಗಿದೆ, ಅಲ್ಲಿಂದ ಶುರು ಮಾಡು. ಮೆಥಾಕ್ಸಿಯೂ ಸುಲಭ. ರಿಂಗ್ ಮಾತ್ರ ಕಷ್ಟ. 7.04ರ ಪೀಕಿನ ಒಂದು ಸ್ಯಾಟಲೈಟ್ ಹೋಗಿ ದ್ರಾವಕವಾದ ಕ್ಲೋರೋಫಾರಂನ 7.26ರ ಬುಡದಲ್ಲೇ ಕೂರುತ್ತದೆ. ಅದಕ್ಕೆ ಗೇಟೆಡ್ಡೇ ಗತಿ.

ಟ್ಯೂಬ್ ತಿರುಗಿಸಿದ್ದರೆ ಸೈಡ್‌ಬ್ಯಾಂಡ್ (ತಿರುಗುವುದರಿಂದ ಹುಟ್ಟುವ ಸುಳ್ಳು ಪೀಕು) ಕೂಡ ಹೀಗೇ ಕಾಣುತ್ತದೆ, ಹುಷಾರು. ತಿರುಗುವ ವೇಗ ಬದಲಿಸಿದರೆ ಅವು ಜಾಗ ಬದಲಿಸುತ್ತವೆ. ಸ್ಯಾಟಲೈಟ್ ಅಲ್ಲಾಡುವುದಿಲ್ಲ. ನಾನು ಓದುವಾಗ ಸ್ಯಾಟಲೈಟನ್ನು ಕಲ್ಮಶ ಅಂದುಕೊಂಡು ಮೂರು ಸಲ ರೀಕ್ರಿಸ್ಟಲೈಸ್ ಮಾಡಿದ್ದೆ. ಅರ್ಧ ಪುಡಿ ಫಿಲ್ಟರ್ ಪೇಪರಿಗೇ ಹೋಯಿತು. ಪೀಕು ಹೋಗಲಿಲ್ಲ.

ಗಾಜಿನಮನೆ_ಹುಡುಗಿ:
ಸಿಕ್ಕಿತು ಸರ್! ಮೆಥಾಕ್ಸಿಗೆ 145 ಹರ್ಟ್ಸ್, ಆಲ್ಡಿಹೈಡ್‌ಗೆ 174. ಆದರೆ ಎಸ್‌ಪಿ2 (ಡಬಲ್ ಬಾಂಡ್ ಇರುವ) ಕಾರ್ಬನ್‌ಗೆ 160ರ ಆಸುಪಾಸು ಅಂತ ಓದಿದ್ದೆ. ಇದು ಜಾಸ್ತಿ ಆಯಿತಲ್ವಾ?

ದುರ್ಗದ_ಮೇಷ್ಟ್ರು:
ಪಕ್ಕದಲ್ಲಿ ಆಕ್ಸಿಜನ್ ಕೂತು ಎಳೆಯುತ್ತಿದೆಯಲ್ಲ! ಮೀಥೇನ್ ಎಸ್‌ಪಿ3 (ಬರೀ ಸಿಂಗಲ್ ಬಾಂಡ್), 125 ಹರ್ಟ್ಸ್. ಕ್ಲೋರೋಫಾರಂ ಕೂಡ ಎಸ್‌ಪಿ3, ಆದರೆ ಮೂರು ಕ್ಲೋರಿನ್ ಸೇರಿ ಅದನ್ನು 209ಕ್ಕೆ ಏರಿಸಿವೆ. ನಿನ್ನ ಫೈಲಿನಲ್ಲೇ ಅದರ ಸ್ಯಾಟಲೈಟ್ ಸಿಕ್ಕರೂ ಸಿಗಬಹುದು, 7.26ರಿಂದ 0.26 ಆಚೆ ಈಚೆ ನೋಡು.